ಸಳ ನೀನು, ಹುಲಿ ನಾನು: ಅರ್ಕಾನ್ಸಾಸ್‌ನ ಗೆಳೆಯನಿಗೊಂದು ಪತ್ರ

ಗೆಳೆಯಾ,

ನಿನ್ನ ಉದ್ದದ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧ ಬೇಲೂರು ಬಸ್ಸಿನಲ್ಲಿ, ಉಳಿದರ್ಧ ಸ್ಟಾಫ್ ರೂಮಿನಲ್ಲಿ. ನಾನೂ ಹಾಗೇ ಮಾತಾಡಿ ಕಳಿಸಬಹುದಿತ್ತು. ಆದರೆ ಮಾತಿಗೆ ಕೂತರೆ ಸಮಾಧಾನ ಹೇಳಿ ಮುಗಿಸಿಬಿಡುತ್ತೇನೆ. ಮೇಷ್ಟ್ರ ಚಟ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆ ಹಾಕು ಅಂದವನು ನೀನೇ. ಮಗಳ ಹೆಸರು, ಅವಳ ಶಾಲೆಯ ಹೆಸರು ಎಲ್ಲೂ ಹಾಕಿಲ್ಲ, ಯೋಚನೆ ಬೇಡ.

ನಮ್ಮನ್ನು ಗೊತ್ತಿಲ್ಲದವರಿಗಾಗಿ ನಿನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನೀನಿರುವುದು ಅಮೆರಿಕದ ಅರ್ಕಾನ್ಸಾಸ್ ರಾಜ್ಯದಲ್ಲಿ. ಅಲ್ಲಿನ ಬೆಂಟನ್‌ವಿಲ್‌ನಲ್ಲಿ ವಾಲ್‌ಮಾರ್ಟ್ ಮುಖ್ಯ ಕಚೇರಿ ಇರುವುದರಿಂದ ಆ ಊರಿನಲ್ಲಿ ನಮ್ಮ ದೇಶದವರು ಬೇಕಾದಷ್ಟಿದ್ದಾರೆ. ಆದರೆ ನೀನು ಮನೆ ಮಾಡಿರುವುದು ಅಲ್ಲಿಂದ ದೂರದ ಒಂದು ಸಣ್ಣ ಊರಿನಲ್ಲಿ. ಮಗಳ ಕ್ಲಾಸಿನಲ್ಲಿ ಭಾರತದವಳು ಅವಳೊಬ್ಬಳೇ. ಟೀಚರ್ ಒಳ್ಳೆಯ ಹೆಂಗಸು. ಆ ಒಳ್ಳೆಯತನವೇ ಈಗ ತೊಂದರೆ. ದೀಪಾವಳಿ ಬಂದರೆ ಇವಳನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಹೋಳಿ ಬಂದರೆ ಮತ್ತೆ ಇವಳೇ. ಆನೆ, ಹುಲಿ, ಯೋಗ, ಮಸಾಲೆ, ಪಾಠದಲ್ಲಿ ಏನೇ ಬರಲಿ, ಇಡೀ ಕ್ಲಾಸು ಇವಳ ಕಡೆ ತಿರುಗುತ್ತದೆ. ಗಣಿತದಲ್ಲಿ ಅಂಕ ಕಡಿಮೆಯಾದಾಗ "ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಅಂದರಂತೆ. ಪಕ್ಕದವಳಿಗೂ ಅಷ್ಟೇ ಬಂದಿತ್ತು. ಅವಳಿಗೆ "ಪರವಾಗಿಲ್ಲ, ಮುಂದಿನ ಸಲ ನೋಡೋಣ" ಅಂದರು. ಈಗ ನಿನ್ನ ಮಗಳು ಮಲಗುವ ಮುಂಚೆ ನಿನ್ನನ್ನು ಕೇಳುತ್ತಾಳೆ: "ಅಪ್ಪಾ, ನಾಳೆ ಇಂಡಿಯಾದ ಹಬ್ಬ ಯಾವುದೂ ಇಲ್ಲ ತಾನೆ?"

ಇದನ್ನು ಕೇಳಿ ನಾನು ಜೋರಾಗಿ ನಕ್ಕೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ತಪ್ಪು ತಿಳಿಯಬೇಡ. ಆ ಪ್ರಶ್ನೆ ನನಗೆ ತುಂಬಾ ಚೆನ್ನಾಗಿ ಗೊತ್ತು.

ಅವಳನ್ನು ನೀನು ನಿಮ್ಮ ರಾಜ್ಯದ ರಾಜಧಾನಿ ಲಿಟಲ್ ರಾಕ್‌ಗೆ ಕರೆದುಕೊಂಡು ಹೋಗಿ, ಆ ದೊಡ್ಡ ಹೈಸ್ಕೂಲಿನ ಮುಂದೆ ನಿಲ್ಲಿಸಿ, "ನೋಡು, ಇಲ್ಲಿ ಓದಿದ ಕರಿಯರ ಮಕ್ಕಳು ಎಷ್ಟೆಲ್ಲ ತಡ್ಕೊಂಡ್ರು, ನಿಂದೇನು ಮಹಾ" ಅಂದೆ. ಆಮೇಲೆ ನನಗೆ ಮೆಸೇಜ್ ಮಾಡಿ, "ನಮ್ಮ ಸ್ಕೂಲಲ್ಲಿ ನೀನು ಹೇಗೋ ತಡ್ಕೊಂಡೆ? ಇವಳಿಗೆ ಏನು ಹೇಳಲಿ?" ಅಂತ ಕೇಳಿದೆ. ಎರಡು ಪ್ರಶ್ನೆ. ಮೊದಲನೆಯದನ್ನು ಕೇಳಲು ನೀನು ಅಷ್ಟು ದೂರ ಹೋಗಬೇಕಾಯಿತು ನೋಡು.

ನಾನು ಹಕ್ಕಿಪಿಕ್ಕಿ ಬುಡಕಟ್ಟಿನವನು ಅಂತ ನಿನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಜರಿ ಪುಸ್ತಕದಲ್ಲೇ ಇತ್ತು, ಊರಿಗೆಲ್ಲ ಗೊತ್ತಿತ್ತು. ನಾವಿದ್ದ ಜಾಗಕ್ಕೆ ಜನ ಊರು ಅನ್ನುತ್ತಿರಲಿಲ್ಲ, 'ಕ್ಯಾಂಪು' ಅನ್ನುತ್ತಿದ್ದರು. ಸರ್ಕಾರ ಜಾಗ ಕೊಟ್ಟು ಕೂರಿಸಿ ಎಷ್ಟೋ ಕಾಲವಾಗಿತ್ತು, ಆದರೂ ಕ್ಯಾಂಪೇ. ತಾತ ಬಲೆ ಹಾಕಿ ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕಸುಬು ಅಪರಾಧವಾಯಿತು. ಅಪ್ಪ ಜಾತ್ರೆಗಳಲ್ಲಿ ಮಣಿಸರ, ಪಿನ್ನು, ಪ್ಲಾಸ್ಟಿಕ್ ಹೂ ಮಾರಿದರು. ಈಗ ನಮ್ಮವರ ತಲೆಕೂದಲ ಎಣ್ಣೆ ಎಲ್ಲರಿಗೂ ಗೊತ್ತು. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹೆಸರು ಯೂಟ್ಯೂಬಿನಲ್ಲಿ ಹೊಡೆದರೆ ಮಂಡಿಯವರೆಗೆ ಕೂದಲು ಬಿಟ್ಟವರ ವಿಡಿಯೋಗಳೇ ಬರುತ್ತವೆ. ಔಷಧಿ, ಎಣ್ಣೆ ಹಿಡಿದು ನಮ್ಮ ಜನ ಆಫ್ರಿಕಾದವರೆಗೂ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರು ಅಂತ ಟಿವಿಯಲ್ಲಿ ಬಂತಲ್ಲ, ಅವರಲ್ಲಿ ಬಹಳ ಜನ ನಮ್ಮವರೇ. ಆ ವಾರ ಮಾತ್ರ ನಾವೂ 'ಕನ್ನಡಿಗರು' ಆಗಿದ್ದೆವು. ಇರಲಿ.

ಶಾಲೆಯ ವಿಷಯಕ್ಕೆ ಬರುತ್ತೇನೆ.

ಹೊಯ್ಸಳ ನಾಟಕ ನೆನಪಿದೆಯಾ? ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ನಡೆಯಿತು ಅನ್ನುವ ಕಥೆ. ಗುರುಗಳು ಪಾಠ ಹೇಳುವಾಗ ಹುಲಿ ಬರುತ್ತದೆ, "ಹೊಯ್ ಸಳ" ಅನ್ನುತ್ತಾರೆ, ಸಳ ಹೊಡೆಯುತ್ತಾನೆ. ಬೇಲೂರಿನ ಮಕ್ಕಳು ಆ ಶಿಲ್ಪ ನೋಡುತ್ತಲೇ ಬೆಳೆಯುತ್ತಾರೆ. ಸಳ ಆಗಬೇಕು ಅಂತ ನನಗೆ ಎಷ್ಟು ಆಸೆಯಿತ್ತು ಅಂತ ನಿನಗೆ ಗೊತ್ತಿಲ್ಲ, ಯಾಕೆಂದರೆ ಹೇಳಿರಲಿಲ್ಲ. ಪಾತ್ರ ಹಂಚಿದರು. ಸಳ ನೀನು. ಹುಲಿ ನಾನು. ಕಾಡು ಬೇಟೆಯಲ್ಲೇ ಬದುಕಿದವರ ಮೊಮ್ಮಗ ಹುಲಿಯಾಗಿ ಬಿದ್ದು ಸತ್ತ. ಸೊಸೈಟಿ ಸೆಕ್ರೆಟರಿ ಮಗ, ಮನೆಯ ಬೆಕ್ಕಿಗೂ ಹೆದರುತ್ತಿದ್ದವನು, ಮೀಸೆ ಬರೆಸಿಕೊಂಡು ಹೊಡೆದ. ಜನ ಚಪ್ಪಾಳೆ ತಟ್ಟಿದರು. "ಹುಲಿ ಚೆನ್ನಾಗಿ ಮಾಡಿತು, ಅವರಿಗೆ ಕಾಡಿನ ಅಭ್ಯಾಸ" ಅಂತ ಹೊಗಳಿದರು. ನಮ್ಮ ಹಿರಿಯರು ರಾಣಾ ಪ್ರತಾಪನ ಸಂತತಿ ನಾವು ಅಂತ ಹೇಳಿಕೊಳ್ಳುತ್ತಾರೆ. ಅವತ್ತು ರಾತ್ರಿ ನಮ್ಮಜ್ಜಿ ಇಡೀ ಕ್ಯಾಂಪಿಗೆ ಕೇಳುವಂತೆ ಬೈದರು, "ರಾಜಪೂತರ ಮಗನಿಗೆ ಬಾಲ ಕಟ್ಟಿದ್ದಾರೆ" ಅಂತ.

ಫ್ಯಾನ್ಸಿ ಡ್ರೆಸ್ಸಿನಲ್ಲೂ ಅಷ್ಟೇ. ನೀವೆಲ್ಲ ಕೆಂಪೇಗೌಡ, ಬಸವಣ್ಣ, ಒನಕೆ ಓಬವ್ವ. ನನಗೆ ಪ್ರತಿ ಸಲ ಸೊಪ್ಪಿನ ಲಂಗ, ಕೈಯಲ್ಲಿ ಬಿಲ್ಲು. ಅಪ್ಪ ಪ್ಯಾಂಟು ಶರ್ಟು ಹಾಕಿ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದರು. ಮಗ ಸೊಪ್ಪು ಕಟ್ಟಿಕೊಂಡು 'ಆದಿವಾಸಿ' ಆಗಿ ವೇದಿಕೆಗೆ ಬರುತ್ತಿದ್ದ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಸೊಪ್ಪು ಉಟ್ಟಿದ್ದನ್ನು ನಾನು ನೋಡಿಲ್ಲ. ಆದರೆ ಸೊಪ್ಪು ತಂದುಕೊಟ್ಟ ಮೇಡಂ ಕೆಟ್ಟವರಲ್ಲ. ಅವರೇ ನನಗೆ ಪೆನ್ಸಿಲ್ ಕೊಡಿಸಿದ್ದು. ಅದಕ್ಕೇ ನಿನ್ನ ಮಗಳ ಟೀಚರ್ 'ಒಳ್ಳೆಯ ಹೆಂಗಸು' ಅಂತ ನೀನು ಅಂದಾಗ ನಾನು ತಲೆಯಾಡಿಸಿದೆ.

ಕೆಟ್ಟವರು ನನಗೆ ಅಷ್ಟು ನೆನಪಿಲ್ಲ. ಅವರ ಜೊತೆ ಜಗಳವಾಡಬಹುದಿತ್ತು, ಆಡಿದೆವು, ಮುಗಿಯಿತು. ಒಳಗೆ ಉಳಿದಿರುವುದು ಒಳ್ಳೆಯವರ ಮಾತು. ಒಮ್ಮೆ ಕ್ಲಾಸಿನಲ್ಲಿ ಯಾರದೋ ದುಡ್ಡು ಕಳೆದಾಗ ಎಲ್ಲರೂ ನನ್ನ ಕಡೆ ನೋಡಿದರು. ಮೇಷ್ಟ್ರು ತಕ್ಷಣ ನನ್ನ ಪರ ನಿಂತರು. "ಏಯ್, ಇವನು ಅಂಥವನಲ್ಲ. ಇವನು ಅವರ ಪೈಕಿ ಒಳ್ಳೆಯವನು" ಅಂದರು. ಹತ್ತು ವರ್ಷದ ಹುಡುಗನಿಗೆ ಸಂತೋಷ ಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಉಳಿದೆ, ನನ್ನ ಇಡೀ ಕ್ಯಾಂಪು ಕಳ್ಳರಾಯಿತು. ಮೇಷ್ಟ್ರಿಗೆ ತಾವು ಉಪಕಾರ ಮಾಡಿದ ಸಮಾಧಾನ.

ಜಾತ್ರೆ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ. ಮನೆಯಲ್ಲಿ ಬಿಟ್ಟುಹೋಗಲು ಯಾರೂ ಇರುತ್ತಿರಲಿಲ್ಲ. ವಾಪಸ್ ಬಂದರೆ ಹಾಜರಿಯಲ್ಲಿ ಹೆಸರು ಹೊಡೆದಿರುತ್ತಿದ್ದರು. ನಿನ್ನ ಅಕ್ಕನ ಮದುವೆಗೆ ನೀನು ವಾರಗಟ್ಟಲೆ ಬರಲಿಲ್ಲ, ನಿನ್ನ ಹೆಸರು ಹಾಗೇ ಇತ್ತು. ನಾನು ಬರದಿದ್ದರೆ "ಅಲೆಮಾರಿಗಳು, ನಿಲ್ಲೋ ಜನ ಅಲ್ಲ". ನೀನು ಬರದಿದ್ದರೆ "ಮದುವೆ ಮನೆ". ಆ ಜಾತ್ರೆಗಳಲ್ಲಿ ನಾನು ಹಿಂದಿ, ತೆಲುಗು, ತಮಿಳು ಕಲಿತೆ. ಮನೆಯಲ್ಲಿ ಗುಜರಾತಿಗೆ ಹತ್ತಿರದ ನಮ್ಮ ವಾಗ್ರಿ ಮಾತು ಇದ್ದೇ ಇತ್ತು. ಶಾಲೆಯ ಲೆಕ್ಕದಲ್ಲಿ ಮಾತ್ರ ನಾನು ಕನ್ನಡ ಓದುವುದರಲ್ಲಿ ಹಿಂದುಳಿದ ಹುಡುಗ.

ಎಸ್‌ಎಸ್‌ಎಲ್‌ಸಿ ಪಾಸಾದಾಗ ಪೇಪರಿನಲ್ಲಿ ಫೋಟೋ ಬಂತಲ್ಲ, ನಿನಗೆ ಹೊಟ್ಟೆಕಿಚ್ಚಾಗಿತ್ತು ಅಂತ ಆಮೇಲೆ ನೀನೇ ಹೇಳಿದ್ದೆ. ಆ ಫೋಟೋದಷ್ಟು ಭಾರ ನಾನು ಇನ್ನೇನನ್ನೂ ಹೊತ್ತಿಲ್ಲ. ಅಲ್ಲಿಂದ ಮುಂದೆ ನಾನು ಫೇಲ್ ಆಗುವಂತಿರಲಿಲ್ಲ. ಸಿನಿಮಾಕ್ಕೆ ಹೋಗುವಂತಿರಲಿಲ್ಲ. ಹುಡುಗಿಯ ಹಿಂದೆ ಸೈಕಲ್ ತುಳಿಯುವಂತಿರಲಿಲ್ಲ. ಏನೇ ಮಾಡಿದರೂ ಅದು ನಾನು ಮಾಡಿದ್ದಲ್ಲ, ಹಕ್ಕಿಪಿಕ್ಕಿಗಳು ಮಾಡಿದ್ದು. ನೀನು ಪಿಯುಸಿ ಮ್ಯಾಥ್ಸ್‌ನಲ್ಲಿ ಡುಮ್ಕಿ ಹೊಡೆದೆ, ಸಪ್ಲಿಮೆಂಟರಿ ಕಟ್ಟಿದೆ, ಪಾಸಾದೆ, ಇಂಜಿನಿಯರಿಂಗ್ ಸೇರಿದೆ. "ಇವರ ಜನಕ್ಕೆ ಓದು ಹತ್ತಲ್ಲ" ಅಂತ ಒಬ್ಬರಾದರೂ ಅಂದರಾ? ನಿನ್ನ ಮೇಲೆ ನನಗೆ ನಿಜವಾಗಿ ಹೊಟ್ಟೆಕಿಚ್ಚು ಬಂದದ್ದು ಆಗಲೇ. ನಿನ್ನ ಮನೆ, ನಿನ್ನ ಸೈಕಲ್, ನಿಮ್ಮಮ್ಮನ ಕೈಯ ಅಕ್ಕಿರೊಟ್ಟಿ, ಯಾವುದಕ್ಕೂ ಅಲ್ಲ. ನೀನು ಆರಾಮಾಗಿ ಫೇಲ್ ಆಗಬಹುದಿತ್ತು ಅನ್ನುವುದಕ್ಕೆ.

ಹಾಗಾಗಿ "ಹೇಗೆ ತಡ್ಕೊಂಡೆ" ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ತಡೆದುಕೊಳ್ಳಲು ನಾನೇನು ಅಣೆಕಟ್ಟಾ? ತಡೆದುಕೊಳ್ಳಬೇಕಾಗಿ ಬಂದದ್ದೇ ನನ್ನ ತಕರಾರು.

ಈಗ ಲಿಟಲ್ ರಾಕ್. ನೀನು ಕಳಿಸಿದ ಫೋಟೋ ನೋಡಿದ ಮೇಲೆ ಸಮಾಜ ವಿಜ್ಞಾನದ ಮೇಷ್ಟ್ರು ಸುಮ್ನೆ ಕೂರಲಿಲ್ಲ, ಒಂದಿಷ್ಟು ಓದಿದೆ. ನೀನು ಮಗಳಿಗೆ ಹೇಳಿದ್ದು ಎಲಿಜಬೆತ್ ಎಕ್‌ಫರ್ಡ್ ಕಥೆ. ಎಲ್ಲರೂ ಹೇಳುವುದು ಅದನ್ನೇ. ಕರಿಯರ ಮಕ್ಕಳಿಗೆ, ಬಿಳಿಯರ ಮಕ್ಕಳಿಗೆ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಬ್ರೌನ್ ಕೇಸಿನಲ್ಲಿ ಹೇಳಿತು. ಮೂರು ವರ್ಷ ಕಳೆದ ಮೇಲೆ ಒಂಬತ್ತು ಕರಿಯ ಮಕ್ಕಳು ಬಿಳಿಯರದ್ದೇ ಆಗಿದ್ದ ಆ ಹೈಸ್ಕೂಲಿಗೆ ಹೊರಟರು. 1957ರ ಸೆಪ್ಟೆಂಬರ್ 4. ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಮಾತಾಗಿತ್ತು. ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ, ಸುದ್ದಿ ಮುಟ್ಟಲಿಲ್ಲ. ಹದಿನೈದು ವರ್ಷದ ಹುಡುಗಿ ಒಬ್ಬಳೇ ಹೋದಳು. ಗವರ್ನರ್ ಆರ್ವಲ್ ಫಾಬಸ್ ನಿಲ್ಲಿಸಿದ್ದ ನ್ಯಾಷನಲ್ ಗಾರ್ಡ್ ಸೈನಿಕರು ಒಳಗೆ ಬಿಡಲಿಲ್ಲ. ಹಿಂದೆ ಗುಂಪು ಕೂಗುತ್ತಿತ್ತು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ 101ನೇ ಏರ್‌ಬೋರ್ನ್ ಸೇನೆ ಕಳಿಸಿ, ಸೆಪ್ಟೆಂಬರ್ 25ರಂದು ಅವರನ್ನು ಒಳಗೆ ಕೂರಿಸಿದರು. ದೊಡ್ಡ ಕಥೆ, ಸುಳ್ಳಲ್ಲ.

ಆದರೆ ನನಗೆ ಹತ್ತಿರದವಳು ಅದೇ ಒಂಬತ್ತರಲ್ಲಿ ಇನ್ನೊಬ್ಬಳು, ಮಿನಿಜೀನ್ ಬ್ರೌನ್. ಅವಳ ಬಗ್ಗೆ ಮಗಳಿಗೆ ಹೇಳಿದೆಯಾ? ಅವಳಿಗೆ ಹಾಡುವುದು ಇಷ್ಟ. ಶಾಲೆಯ ಹಾಡಿನ ತಂಡ ಸೇರಬೇಕು ಅಂತಿದ್ದಳು. ಆ ಒಂಬತ್ತು ಮಕ್ಕಳು ಪಾಠಕ್ಕೆ ಬರಬಹುದು, ಆಟ, ಹಾಡು, ನಾಟಕ, ಕ್ಲಬ್ಬು ಯಾವುದಕ್ಕೂ ಸೇರುವಂತಿಲ್ಲ ಅಂತ ಮೊದಲೇ ಷರತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ಯಾವುದು ಅಂತ ಹೇಳಬೇಕಾ? ಇನ್ನೊಂದು ಷರತ್ತೂ ಇತ್ತು. ಯಾರು ಏನು ಮಾಡಿದರೂ ತಿರುಗಿ ಮಾಡುವಂತಿಲ್ಲ. ಒದೆತ, ಉಗುಳು, ಬೈಗುಳ, ಎಲ್ಲಕ್ಕೂ ಸುಮ್ಮನಿರಬೇಕು. ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಊಟದ ಹಾಲಿನಲ್ಲಿ ಹುಡುಗರು ಕುರ್ಚಿ ಅಡ್ಡ ತಳ್ಳಿ ಕಾಡಿದರು. ಅವಳ ಕೈಯಲ್ಲಿದ್ದ ತಟ್ಟೆಯ ಚಿಲ್ಲಿ, ಅದೊಂದು ಖಾರದ ಮಾಂಸದ ಸಾರು, ಅವರ ತಲೆ ಮೇಲೆ ಬಿತ್ತು. ಅವಳನ್ನು ಸಸ್ಪೆಂಡ್ ಮಾಡಿದರು. 1958ರ ಫೆಬ್ರವರಿಯಲ್ಲಿ ಮತ್ತೊಬ್ಬ ಹುಡುಗಿ ಕಾಡಿದಾಗ ತಿರುಗಿ ಬೈದಳು. ಶಾಲೆಯಿಂದಲೇ ತೆಗೆದುಹಾಕಿದರು. "ಒಂದು ಹೋಯ್ತು, ಇನ್ನು ಎಂಟು" ಅಂತ ಬಿಳಿಯ ಹುಡುಗರು ಕಾರ್ಡು ಹಂಚಿದರು. ಅವಳು ನ್ಯೂಯಾರ್ಕ್‌ಗೆ ಹೋಗಿ ಓದು ಮುಂದುವರಿಸಿದಳು.

ನೋಡು, ಸಾರು ಚೆಲ್ಲುವುದು, ಬೈದವರಿಗೆ ತಿರುಗಿ ಬೈಯುವುದು, ಇದನ್ನು ಮಾಡದ ಹೈಸ್ಕೂಲ್ ಹುಡುಗ ಹುಡುಗಿ ಯಾರಿದ್ದಾರೆ? ನಮ್ಮ ಹಾಸ್ಟೆಲಿನಲ್ಲಿ ಉಪ್ಪಿಟ್ಟಿನ ಪಾತ್ರೆಯನ್ನೇ ವಾರ್ಡನ್ ಮೇಲೆ ಮಗುಚಿದವರು ಇದ್ದರು, ಅವರಲ್ಲಿ ಒಬ್ಬ ಈಗ ಕಂಟ್ರಾಕ್ಟರ್. ಮಿನಿಜೀನ್‌ಗೆ ಸಿಗದೆ ಹೋದದ್ದು ಅದು: ಒಂದು ದಿನ ಸಿಟ್ಟು ಮಾಡಿಕೊಂಡು, ಮರುದಿನ ಅದೇ ಬೆಂಚಿನಲ್ಲಿ ಬಂದು ಕೂರುವುದು. ಸೈನಿಕರು ಅವಳನ್ನು ಬಾಗಿಲು ದಾಟಿಸಿದರು. ಒಳಗೆ ಅವಳು ಹಗಲೆಲ್ಲ ಪರೀಕ್ಷೆಗೆ ಕೂತವಳ ಹಾಗೇ ಇರಬೇಕಿತ್ತು. ಎಲಿಜಬೆತ್ ಕಥೆ ಹೇಳಿದರೆ ಮಕ್ಕಳು ಧೈರ್ಯ ಕಲಿಯುತ್ತಾರೆ ಅಂತ ನೀನು ತಿಳಿದಿದ್ದೀಯ. ನಿನ್ನ ಮಗಳು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ಧೈರ್ಯದಿಂದ ದಿನಾ ಶಾಲೆಗೆ ಹೋಗುತ್ತಿದ್ದಾಳೆ. ಅವಳಿಗೆ ಬೇಕಾದದ್ದು ಧೈರ್ಯ ಬೇಡದ ಒಂದು ಮಂಗಳವಾರ.

ಹಾಗಂತ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡ. ನಿನ್ನ ಮಗಳ ಅಪ್ಪನಿಗೆ ಕೆಲಸ ಇದೆ, ಮನೆ ಇದೆ, ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿದರೆ ಉತ್ತರ ಬರುತ್ತದೆ. ಆ ಒಂಬತ್ತು ಮಕ್ಕಳು ಶಾಲೆಗೆ ಹೋದದ್ದಕ್ಕೆ ಊರೇ ತಿರುಗಿಬಿತ್ತು. ಮುಂದಿನ ವರ್ಷ, 1958-59ರಲ್ಲಿ, ಕರಿಯ ಮಕ್ಕಳ ಜೊತೆ ಕೂರಿಸುವುದಕ್ಕಿಂತ ಲಿಟಲ್ ರಾಕ್‌ನ ಹೈಸ್ಕೂಲುಗಳನ್ನೇ ಮುಚ್ಚುವುದು ಮೇಲು ಅಂತ ಮುಚ್ಚಿದರು. ನನ್ನ ಕಥೆಯನ್ನೂ ಅವರ ಪಕ್ಕ ಇಡಬೇಡ. ನನಗೆ ಬಾಲ ಕಟ್ಟಿದರು, ಕಲ್ಲು ಹೊಡೆಯಲಿಲ್ಲ.

ಇನ್ನೊಂದು ಮಾತು. ಕೇಳಿ ಬೇಜಾರಾದರೂ ಪರವಾಗಿಲ್ಲ. "ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು ಕಣೋ, ಒಬ್ಬನೇ ಬೇರೆ ಥರ ಇರೋದು ಅಂದ್ರೆ ಏನು ಅಂತ" ಅಂದೆಯಲ್ಲ. ಅಂಬೇಡ್ಕರ್ ನೆನಪಾದರು. ಸಾತಾರಾದ ಶಾಲೆಯಲ್ಲಿ ಅವರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಪ್ಯೂನ್ ಬಂದು ಮೇಲಿಂದ ನೀರು ಹಾಕದಿದ್ದರೆ ಅವತ್ತು ನೀರಿಲ್ಲ. 1913ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಮೆರಿಕ, ಯುರೋಪಿನಲ್ಲಿ ಕಳೆದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವುದೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ ಅವರೇ ಬರೆದಿದ್ದಾರೆ. ಅದೇ ಹೊತ್ತಿಗೆ ನೀನಿರುವ ರಾಜ್ಯದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ ಇತ್ತು. ಅವರಿಗೆ ಅಲ್ಲಿ ಹೋಗಿ ಮರೆತದ್ದು, ನಿನಗೆ ಅಲ್ಲಿ ಹೋಗಿ ಗೊತ್ತಾಯಿತು. ನೀನು ಯಾರು ಅಂತ ಹಾಸನದಲ್ಲಿ ನಿನ್ನನ್ನು ಯಾರೂ ಕೇಳಿರಲಿಲ್ಲ. ಕೇಳುವವರು ನೀವೇ ಆಗಿದ್ದಿರಿ. ಮತ್ತೆ, "ಇಲ್ಲಿ ನಮ್ಮವರ ನಡುವೆ ಜಾತಿ ಗೀತಿ ಇಲ್ಲ" ಅಂತ ಬೇರೆ ಅಂದೆ. ಇಲ್ಲದ್ದಕ್ಕಾ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿ ಕಾನೂನು ಮಾಡಿದ್ದು? ಎಲ್ಲರೂ ಮನೆಯಿಂದ ಅಡುಗೆ ತರುವ ನಿಮ್ಮ ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ ಯಾರು ಯಾರ ಮನೆಯ ಡಬ್ಬಿ ಮುಟ್ಟುವುದಿಲ್ಲ ಅಂತ ಒಮ್ಮೆ ಸುಮ್ನೆ ನೋಡು. ಮಗಳು ನೋಡುತ್ತಿರುತ್ತಾಳೆ.

ಈಗ ನನ್ನ ಶಾಲೆ. ಬೇಲೂರು, ಸಕಲೇಶಪುರದ ನಡುವೆ, ಸುತ್ತ ಕಾಫಿ ತೋಟ. ನಾವು ಓದುವಾಗ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಇದ್ದವರು ಘಟ್ಟದ ಕೆಳಗಿನವರು, ತಮಿಳರು. ಈಗ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯವರು. ಅರೇಬಿಕಾ ಕೊಯ್ಲಿಗೆ ನವೆಂಬರ್ ಹೊತ್ತಿಗೆ ಬರುತ್ತಾರೆ, ರೊಬಸ್ಟಾ ಮುಗಿಸಿ ಬೇಸಿಗೆಗೆ ಹೋಗುತ್ತಾರೆ. ಮಕ್ಕಳು ಅರ್ಧ ವರ್ಷ ಕಳೆದ ಮೇಲೆ ಬಂದು, ಪರೀಕ್ಷೆಗೆ ಮುಂಚೆ ಮಾಯ. ಯಾರ ಥರ ಅಂತ ಗೊತ್ತಾಯ್ತಲ್ಲ?

ಒಬ್ಬ ಅಪ್ಪ ಮಗನನ್ನು ಸೇರಿಸಲು ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು. ಅದರ ತುಂಬ ಕಾಗದ. ಆಧಾರ್, ವೋಟರ್ ಕಾರ್ಡು, ತಾತನ ಕಾಲದ ಜಮೀನಿನ ಪತ್ರ, ಎನ್‌ಆರ್‌ಸಿ ಅಂದರೆ ದೇಶದ ಪೌರರ ಪಟ್ಟಿಯ ಕಾಗದ. 2019ರ ಆಗಸ್ಟ್ 31ಕ್ಕೆ ಅಸ್ಸಾಮಿನಲ್ಲಿ ಎನ್‌ಆರ್‌ಸಿ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಬಿಟ್ಟುಹೋಗಿತ್ತು. ಹೆಸರಿದ್ದವರಿಗೂ ಆ ಭಯ ಬಿಟ್ಟಿಲ್ಲ. ನಾಲ್ಕನೇ ಕ್ಲಾಸಿಗೆ ಸೇರಲು ಇಷ್ಟೆಲ್ಲ ತಂದಿದ್ದ. ಇದ್ಯಾವುದೂ ಬೇಡ ಅಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ. ಟಿಸಿ ತಡವಾಯಿತು ಅಂತ ಹೊರಗೆ ನಿಲ್ಲಿಸುವಂತಿಲ್ಲ. ವಯಸ್ಸಿಗೆ ತಕ್ಕ ಕ್ಲಾಸಿಗೇ ಹಾಕಬೇಕು. ಆ ಮನುಷ್ಯ ನಂಬಲಿಲ್ಲ. ಕಾಗದ ನೋಡದೆ ಒಳಗೆ ಬಿಟ್ಟವರು ಯಾರೂ ಇರಲಿಲ್ಲವೇನೋ. ಕೊನೆಗೆ ಅವನ ಸಮಾಧಾನಕ್ಕೆ ಒಂದೊಂದೇ ತಿರುಗಿಸಿ ನೋಡಿದೆ. ನನ್ನ ಜಾತ್ರೆ ಹಿಂದಿ ಆವತ್ತು ಕೆಲಸಕ್ಕೆ ಬಂತು.

ಹುಡುಗ ಸೇರಿದ. ಊರಿನ ಕೆಲವು ಮಕ್ಕಳು 'ಬಾಂಗ್ಲಾ' ಅಂತ ಕರೆದರು. ಎಲ್ಲಿ ಕೇಳಿಸಿಕೊಂಡರು ಅಂತ ನಾನು ಹೇಳಬೇಕಿಲ್ಲ, ದೊಡ್ಡವರು ಚಹಾ ಅಂಗಡಿಯಲ್ಲಿ ಅನ್ನುವುದನ್ನೇ ಅವರು ಮೈದಾನದಲ್ಲಿ ಅನ್ನುತ್ತಾರೆ. ಅದನ್ನು ನಿಲ್ಲಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ನಮ್ಮ ಸಹೋದ್ಯೋಗಿಗಳ 'ಪಾಪ'. ಪಾಪ ಅಂತ ಮುಂದಿನ ಬೆಂಚು. ಪಾಪ ಅಂತ ಬಿಸಿಯೂಟದಲ್ಲಿ ಮೊದಲ ಬಡಿಸುವಿಕೆ. ಪಾಪ ಅಂತ ಪ್ರಶ್ನೆ ಕೇಳುವುದಿಲ್ಲ, ಹೋಂವರ್ಕ್ ನೋಡುವುದಿಲ್ಲ, ಗಲಾಟೆ ಮಾಡಿದರೂ ಬೈಯುವುದಿಲ್ಲ. ನೆಂಟರ ಮನೆಯಲ್ಲಿ ಕೂತ ಹಾಗೆ ಅವನು ಕೈಕಟ್ಟಿ ಕೂತಿರುತ್ತಿದ್ದ. ಜನವರಿ 26ಕ್ಕೆ ಅವನಿಂದ ಅಸ್ಸಾಮಿನ ಬಿಹು ಕುಣಿಸೋಣ ಅಂತ ಒಬ್ಬರು ಉತ್ಸಾಹ ತೋರಿಸಿದರು. ನಾನು ಸ್ವಲ್ಪ ಜೋರಾಗಿಯೇ ಬೇಡ ಅಂದೆನೇನೋ, ಸ್ಟಾಫ್ ರೂಮ್ ಒಂದು ಕ್ಷಣ ಗಪ್‌ಚುಪ್ ಆಯಿತು.

ನಾನು ಮಾಡಿದ್ದು ದೊಡ್ಡದೇನಲ್ಲ. ಗಂಟೆ ಹೊಡೆಯುವ, ಟ್ಯಾಂಕಿಗೆ ನೀರು ಬಿಡುವ ಸರದಿಯಲ್ಲಿ ಅವನ ಹೆಸರು ಸೇರಿಸಿದೆ. ಮೋಟಾರ್ ಆಫ್ ಮಾಡುವುದು ಮರೆತ, ನೀರೆಲ್ಲ ಅಂಗಳಕ್ಕೆ ಹರಿಯಿತು. ಎಲ್ಲರಿಗೂ ಬೈಯುವಷ್ಟೇ ಅವನಿಗೂ ಬೈದೆ. (ಹೊಡೆಯುವಂತಿಲ್ಲ, ಅದೇ ಕಾಯ್ದೆಯ 17ನೇ ಕಲಂ. ನಮ್ಮ ಮೇಷ್ಟ್ರುಗಳ ಕಾಲದಲ್ಲಿ ಅದು ಇದ್ದಿದ್ದರೆ ನಿನ್ನ ಕೈ ಇಷ್ಟು ಗಟ್ಟಿಯಾಗುತ್ತಿರಲಿಲ್ಲ.) ಒಂದು ಕ್ಷಣ ಗಾಬರಿಯಾದ. ಆಮೇಲೆ "ಸರ್, ಅವನೂ ಮರೆತಿದ್ದ ಆವತ್ತು" ಅಂತ ಪಕ್ಕದವನ ಕಡೆ ಬೆರಳು ತೋರಿಸಿದ. ಕನ್ನಡದಲ್ಲಿ, ತಪ್ಪು ತಪ್ಪಾಗಿ. ಚಾಡಿ ಹೇಳಿದ ನನ್ನಪ್ಪ! ನನಗೆ ಅವತ್ತೆಲ್ಲ ಖುಷಿ. ಮುಂದಿನ ವಾರದ ಹೊತ್ತಿಗೆ ಗಂಟೆಯ ಸರದಿಗೆ ಇಬ್ಬರೂ ಕಾಲರ್ ಹಿಡಿದು ಜಗಳವಾಡಿದರು.

ಚಿಕ್ಕ ಕ್ಲಾಸುಗಳಲ್ಲಿ ನಲಿಕಲಿ ಪದ್ಧತಿ ಇರುವುದು ಇಂಥ ಮಕ್ಕಳಿಗೆ ನಿಜಕ್ಕೂ ಅನುಕೂಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಮಗು ಕಲಿಕೆಯ ಏಣಿಯಲ್ಲಿ ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಬಂದ ಮೇಲೆ ಅಲ್ಲಿಂದಲೇ ಹತ್ತಬಹುದು. ಎಲ್ಲರ ಮುಂದೆ ಹಿಂದುಳಿದವನು ಅನ್ನಿಸಿಕೊಳ್ಳಬೇಕಿಲ್ಲ. ಜಾತ್ರೆಯಿಂದ ವಾಪಸ್ ಬರುತ್ತಿದ್ದ ನನಗೆ ಅದು ಸಿಕ್ಕಿದ್ದರೆ ಅಂತ ಆಗಾಗ ಅನ್ನಿಸುತ್ತದೆ. ನಾಲ್ಕನೇ ಕ್ಲಾಸಿನಿಂದ ಮೇಲೆ ಆ ಸೌಕರ್ಯ ಇಲ್ಲ. ಆ ಹುಡುಗನ ಮನೆಯವರು ಬೇಸಿಗೆಯಲ್ಲಿ ಕೊಡಗಿನ ಯಾವುದೋ ತೋಟಕ್ಕೆ ಹೋದರು. ಟಿಸಿ ಕೊಟ್ಟು ಕಳಿಸಿದ್ದೇನೆ. ಅಲ್ಲಿ ಸೇರಿಸಿದರೋ ಇಲ್ಲವೋ, ಅವನ ಅಪ್ಪ ಕೊಟ್ಟ ನಂಬರಿಗೆ ಫೋನ್ ಹೋಗುತ್ತಿಲ್ಲ.

ಸರಿ, ನಿನ್ನ ಎರಡನೇ ಪ್ರಶ್ನೆ. ಅವಳಿಗೆ ಏನು ಹೇಳಲಿ ಅಂತ. ಅವಳಿಗೆ ಏನೂ ಹೇಳಬೇಡ ಮಾರಾಯ. ಟೀಚರಿಗೆ ಹೇಳು. ಹೋಗಿ ಎದುರು ಕೂತು, ಜಗಳವಾಡದೆ ಹೇಳು: ಇವಳಿಗೆ ಇಂಡಿಯಾಕ್ಕೆ ಸಂಬಂಧ ಇಲ್ಲದ ಕೆಲಸ ಕೊಡಿ. ನಾಟಕದಲ್ಲಿ ಮರದ ಪಾತ್ರ ಕೊಟ್ಟರೂ ಸರಿ, ಸೀರೆ ಉಡಿಸಬೇಡಿ. ಡೈನೋಸಾರ್ ಬಗ್ಗೆ ಮಾತಾಡಲು ಹೇಳಿ, ಅವಳಿಗೆ ಅದು ಇಷ್ಟ. ದೀಪಾವಳಿ ಬೇಕಿದ್ದರೆ ನೀವೇ ಓದಿಕೊಂಡು ಪಾಠ ಮಾಡಿ, ಇವಳು ಎಲ್ಲರ ಜೊತೆ ಕೂತು ಆಕಳಿಸಲಿ. ಒಳ್ಳೆಯ ಹೆಂಗಸು ಅಂದೆಯಲ್ಲ, ಅರ್ಥವಾಗಬಹುದು. ಅರ್ಥವಾಗದಿದ್ದರೆ ಮತ್ತೊಮ್ಮೆ ಹೋಗು. ನನ್ನ ಅಪ್ಪ ಹೋಗುವಂತಿರಲಿಲ್ಲ. ಗೇಟಿನಲ್ಲೇ ಚಪ್ಪಲಿ ಬಿಟ್ಟು ಬರುತ್ತಿದ್ದ ಮನುಷ್ಯ ಯಾರ ಎದುರು ಕೂರಬೇಕಿತ್ತು? ನಿನಗೆ ಕುರ್ಚಿ ಹಾಕುತ್ತಾರೆ, ಹೋಗಿ ಕೂರು.

ಮತ್ತೆ ಆ ಗಣಿತದ ಮಾರ್ಕ್ಸು. ಟ್ಯೂಷನ್ ಹಾಕಿದ್ದೀಯಂತೆ. ತೆಗೆಸು. ಟೀಚರ್ ಅಂದದ್ದನ್ನೇ ನೀನು ಮನೆಯಲ್ಲಿ ದುಡ್ಡು ಕೊಟ್ಟು ಅನ್ನಿಸುತ್ತಿದ್ದೀಯ. ಅವಳ ಅಪ್ಪನ ಪಿಯುಸಿ ಮಾರ್ಕ್ಸ್ ಕಾರ್ಡ್ ಒಂದು ಸಲ ತೋರಿಸು. ನೀನು ತೋರಿಸದಿದ್ದರೆ ನಾನೇ ಹೇಳುತ್ತೇನೆ, ಎಷ್ಟು ಬಂದಿತ್ತು ಅಂತ ನನಗೆ ಇನ್ನೂ ನೆನಪಿದೆ.

ಕ್ರಿಸ್‌ಮಸ್ ರಜೆಗೆ ಬರುತ್ತೇವೆ ಅಂದೆ. ಆಗ ನಮಗೆ ಶಾಲೆ ಇರುತ್ತದೆ. ಎರಡು ದಿನ ಅವಳನ್ನು ನನ್ನ ಜೊತೆ ಕಳಿಸು. ಅಮೆರಿಕದಿಂದ ಬಂದ ಅತಿಥಿ ಅಂತ ಹೂಗುಚ್ಛ ಕೊಟ್ಟು ಭಾಷಣ ಮಾಡಿಸುವ ಪ್ಲಾನ್ ಹೆಡ್‌ಮಾಸ್ಟರಿಗೆ ಬಂದೇ ಬರುತ್ತದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಆರನೇ ಕ್ಲಾಸಿನ ಖೋಖೋ ಟೀಮಿಗೆ ಒಬ್ಬಳು ಕಡಿಮೆ ಇದ್ದಾಳೆ. ಆಟ ಬರದಿದ್ದರೆ ಹುಡುಗಿಯರು ಚೆನ್ನಾಗಿ ಬೈಯುತ್ತಾರೆ, ಮೊದಲೇ ಹೇಳಿಬಿಡು. ಹಳೆಯ ಶೂ ತರಲಿ, ನಮ್ಮ ಮೈದಾನದಲ್ಲಿ ಜಲ್ಲಿ ಜಾಸ್ತಿ.

ನಿನ್ನ
ಹುಲಿ